ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಸರಸ್ವತಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಸಂಸ್ಕೃತ ವಿದುಷಿ, ಲೇಖಕಿ, ಸ್ತ್ರೀಶಿಕ್ಷಣದ ಹೋರಾಟಗಾರ್ತಿ ಹಾಗೂ ಬೈಬಲನ್ನು ಮೂಲಭಾಷೆಗಳಿಂದ ಮರಾಠಿಗೆ ತಂದ ಅನುವಾದಕಿ. ವಿಧವೆಯರಿಗಾಗಿ ಶಾರದಾ ಸದನವನ್ನೂ ಬರಗಾಲದ ಅನಾಥರಿಗಾಗಿ ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನವನ್ನೂ ಸ್ಥಾಪಿಸಿದರು. ಸಾಮಾನ್ಯವಾಗಿ ಮಹಾರಾಷ್ಟ್ರದ ಸುಧಾರಕರ ಸಾಲಿನಲ್ಲಿ ಅವರನ್ನು ಎಣಿಸುವುದುಂಟು. ಆದರೆ ಅವರು ಹುಟ್ಟಿದ್ದು ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಾಯಿಯನ್ನು ಕಳೆದುಕೊಂಡದ್ದು ರಾಯಚೂರಿನಲ್ಲಿ. ಅವರ ಕೊನೆಯ ವರ್ಷಗಳ ಒಂದು ಶಾಖೆ ಬೇರೂರಿದ್ದು ಗುಲ್ಬರ್ಗಾದಲ್ಲಿ. ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡ ಹುಡುಗಿಯೊಬ್ಬಳು ಮುಂದೆ ಸಾವಿರಾರು ಮಂದಿ ಹಸಿದವರಿಗೆ ತಾಯಿಯಾದದ್ದು, ನಾಳೆಯ ಊಟಕ್ಕೆ ಹಣವಿಲ್ಲದ ದಿನಗಳಲ್ಲಿಯೂ ದೇವರಲ್ಲಿ ಭರವಸೆಯಿಟ್ಟು ಸಂತೋಷದಿಂದಲೇ ಬದುಕಿದ್ದು ಅವರ ಜೀವನದ ಮುಖ್ಯ ಎಳೆ.

ಮನೆತನ

ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು. ಕಾರ್ಕಳ ಸೀಮೆಯ ಮಾಳ ಅವರ ಪೂರ್ವಿಕರ ಊರು. ಎಳೆಯ ವಯಸ್ಸಿನಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆ ಎಂಬ ವಿದ್ವಾಂಸರ ಬಳಿ ಸಂಸ್ಕೃತ ಕಲಿತರು. ಆ ಗುರುಗಳು ಪೇಶ್ವೆ ಎರಡನೆಯ ಬಾಜಿರಾಯನ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಸ್ತ್ರೀಯೊಬ್ಬಳು ಶ್ಲೋಕಗಳನ್ನು ಶುದ್ಧವಾಗಿ ಉಚ್ಚರಿಸಿದ್ದನ್ನು ಕೇಳಿದ ಶಿಷ್ಯನ ಮನಸ್ಸಿನಲ್ಲಿ, ತಾನೂ ತನ್ನ ಹೆಂಡತಿಗೆ ಕಲಿಸಬೇಕೆಂಬ ಆಸೆ ಬೇರೂರಿತು. ಊರಿಗೆ ಮರಳಿ ಪ್ರಯತ್ನಿಸಿದಾಗ ಮನೆಯವರು ಒಪ್ಪಲಿಲ್ಲ, ಮೊದಲ ಹೆಂಡತಿಗೂ ಅದರಲ್ಲಿ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಬಳಿಕ, ಸುಮಾರು 44ನೆಯ ವಯಸ್ಸಿನಲ್ಲಿ, ಗೋದಾವರಿ ತೀರದ ಪೈಠಣದಲ್ಲಿ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಅವರು ಮದುವೆಯಾದರು. ಇಂದಿನ ಓದುಗರಿಗೆ ಈ ಮದುವೆ ಕಸಿವಿಸಿ ತರುವುದು ಸಹಜ. ರಮಾಬಾಯಿಯವರೂ ತಮ್ಮ ಬರಹಗಳಲ್ಲಿ ಬಾಲ್ಯವಿವಾಹ ಪದ್ಧತಿಯನ್ನು ಕಟುವಾಗಿ ಟೀಕಿಸಿದ್ದಾರೆ. ಆದರೆ ಅನಂತಶಾಸ್ತ್ರಿಗಳು ಆ ಬಾಲೆಗೆ ಓದು ಕಲಿಸಿದರು, ಆಕೆ ಒಳ್ಳೆಯ ಸಂಸ್ಕೃತಜ್ಞೆಯಾದಳು. ಈ ತಪ್ಪಿಗಾಗಿ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಅವರು ಉತ್ತರ ಹೇಳಬೇಕಾಯಿತು. ಸ್ತ್ರೀಯರು ಪುರಾಣ ಕಾವ್ಯಗಳನ್ನು ಓದುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಗ್ರಂಥಾಧಾರಗಳೊಡನೆ ವಾದಿಸಿದರು.

ಆದರೂ ನೆಂಟರಿಷ್ಟರ ನಡುವೆ ನೆಮ್ಮದಿ ಸಿಗಲಿಲ್ಲ. ದಂಪತಿಗಳು ಘಟ್ಟದ ದಟ್ಟ ಕಾಡಿನ ಗಂಗಾಮೂಲಕ್ಕೆ ಹೋಗಿ ಆಶ್ರಮ ಕಟ್ಟಿಕೊಂಡರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಸ್ಥಳವದು. ಈಗ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಕೂಡಲಿಯಲ್ಲಿ ಸಂಗಮವಾಗಿ ಹರಿಹರದ ಮುಂದೆ ಹರಿದು ಹೋಗುವ ತುಂಗಭದ್ರೆಯ ನೀರು ಕುಡಿದು ಬೆಳೆದ ನಮ್ಮ ದಾವಣಗೆರೆ ಕಡೆಯ ವಿದ್ಯಾರ್ಥಿಗಳಿಗೆ ರಮಾಬಾಯಿಯವರ ಜನ್ಮಸ್ಥಳ ಆ ಮಟ್ಟಿಗೆ ದೂರದ್ದಲ್ಲ. ಆಶ್ರಮದಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ಇತ್ತು. ತೀರ್ಥಯಾತ್ರಿಕರು ಬಂದರೆ ಅವರಿಗೂ ಅನ್ನವಿತ್ತು. ಗಳಿಸಿದ್ದನ್ನೆಲ್ಲ ದಾನ ಆತಿಥ್ಯಗಳಲ್ಲಿ ಕಳೆದ ಶಾಸ್ತ್ರಿಗಳ ಕೈ ಹದಿಮೂರು ವರ್ಷಗಳಲ್ಲಿ ಬರಿದಾಯಿತು.

ಅಲೆದಾಟದ ಬಾಲ್ಯ

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಗಂಗಾಮೂಲವನ್ನು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಅವರಿಗೆ ಸ್ವಂತದ್ದೆಂಬ ಮನೆ ಇರಲಿಲ್ಲ. ಅಕ್ಕ ಕೃಷ್ಣಾಬಾಯಿ, ಅಣ್ಣ ಶ್ರೀನಿವಾಸ, ತಂದೆ, ತಾಯಿ ಎಲ್ಲರೂ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದರು. ದೇವಾಲಯದಲ್ಲಿ, ನದಿಯ ಮೆಟ್ಟಿಲ ಬಳಿ, ಮರದ ಕೆಳಗೆ ಕುಳಿತು ಪುರಾಣ ಓದುವುದು ಅವರ ವೃತ್ತಿ. ಕೇಳಿದವರು ಇಟ್ಟ ಅಕ್ಕಿ, ಹಣ್ಣು, ಕಾಸುಗಳೇ ಆದಾಯ. ಬಂದದ್ದರಲ್ಲಿ ಉಳಿದದ್ದನ್ನು ಮತ್ತೆ ಬ್ರಾಹ್ಮಣರಿಗೆ ದಾನ ಮಾಡುತ್ತಿದ್ದರು.

ವಯಸ್ಸಾದ ತಂದೆಗೆ ಕಣ್ಣು ಮಂಜಾಗುತ್ತ ಬಂದುದರಿಂದ ಕಿರಿಯ ಮಗಳಿಗೆ ಪಾಠ ಹೇಳಿದವಳು ತಾಯಿ. ಎಂಟರಿಂದ ಹದಿನೈದನೆಯ ವಯಸ್ಸಿನವರೆಗೆ ಈ ಪಾಠ ನಡೆಯಿತು. ಪಠ್ಯಪುಸ್ತಕವಿಲ್ಲ, ಹಲಗೆ ಬಳಪವಿಲ್ಲ. ಹನ್ನೆರಡನೆಯ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಬಾಯಿಗೆ ಬಂದಿದ್ದವು. ನಡೆದ ದಾರಿಯುದ್ದಕ್ಕೂ ಭಾಷೆಗಳೂ ಬಂದವು. ಮರಾಠಿ ಮನೆಮಾತು, ಅದರೊಡನೆ ಕನ್ನಡ, ಹಿಂದಿ, ಮುಂದೆ ಬಂಗಾಳಿ. ಕೃಷ್ಣಾಬಾಯಿಗೆ ಬಾಲ್ಯದಲ್ಲಿ ಮಾಡಿದ ಮದುವೆ ಕೆಟ್ಟು ದುಃಖ ತಂದಿತ್ತು. ಆದ್ದರಿಂದ ಕಿರಿಯ ಮಗಳಿಗೆ ಅವಸರದಲ್ಲಿ ಗಂಡು ಹುಡುಕಲಿಲ್ಲ. ಆ ಕಾಲದಲ್ಲಿ ಇದೊಂದು ಅಪರೂಪದ ಸ್ವಾತಂತ್ರ್ಯ.

ಬರಗಾಲ

1870ರ ದಶಕದ ಬರ ದಕ್ಷಿಣ ಭಾರತದ ಅತ್ಯಂತ ಘೋರ ಬರಗಳಲ್ಲೊಂದು. ಹಳೆಯ ಮೈಸೂರಿನವರು ಅದರ ಉಗ್ರ ಘಟ್ಟವನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಡೋಂಗ್ರೆ ಕುಟುಂಬ ಆಗ ಮದ್ರಾಸ್ ಪ್ರಾಂತದಲ್ಲಿ ಅಲೆಯುತ್ತಿತ್ತು. ಕೇಳುವವರಿಲ್ಲದೆ ಪುರಾಣಕ್ಕೆ ಬೆಲೆ ಹೋಯಿತು. ಪಾತ್ರೆ, ಒಡವೆ, ಒಳ್ಳೆಯ ಬಟ್ಟೆ ಒಂದೊಂದಾಗಿ ಮಾರಾಟವಾದವು. ಮಕ್ಕಳಿಗೆ ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ನಾಚಿಕೆ. ದೇವತೆಗಳು ಕಾಪಾಡುವರೆಂದು ಉಪವಾಸ, ಪ್ರದಕ್ಷಿಣೆ, ಜಪಗಳನ್ನು ಹೆಚ್ಚಿಸಿದರು. ಕಡೆಗೆ ತಿರುಪತಿಯ ಸುತ್ತಿನ ಕಾಡಿನಲ್ಲಿ ಎಲೆ, ಕಾಡುಹಣ್ಣು ತಿಂದು ದಿನ ದೂಡಿದರು.

ತೀರ್ಥದ ಕೊಳದಲ್ಲಿ ಮುಳುಗಿ ಪ್ರಾಣ ಬಿಡುವುದೆಂದು ತಂದೆ ನಿಶ್ಚಯಿಸಿದಾಗ ಶ್ರೀನಿವಾಸ ಅಡ್ಡ ನಿಂತ. ಜಾತಿಯ ಹೆಮ್ಮೆ ಬಿಟ್ಟು ಕೂಲಿ ಮಾಡಿ ಎಲ್ಲರನ್ನೂ ಸಾಕುವೆನೆಂದ. ಆದರೆ ಮುದುಕರ ದೇಹದಲ್ಲಿ ತ್ರಾಣ ಉಳಿದಿರಲಿಲ್ಲ. ಸಾಯುವ ಮುನ್ನ ಅನಂತಶಾಸ್ತ್ರಿಗಳು ಕಿರಿಮಗಳನ್ನು ಬಳಿಗೆ ಕರೆದು, ಅವಳನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ, ಜೀವಮಾನವಿಡೀ ಆತನನ್ನೇ ಸೇವಿಸಿ ಪ್ರಾಮಾಣಿಕವಾಗಿ ಬಾಳಬೇಕೆಂದೂ ಹೇಳಿದರು. ಈ ಮಾತನ್ನು ರಮಾಬಾಯಿ ಮುಪ್ಪಿನವರೆಗೆ ಮರೆಯಲಿಲ್ಲ. ಅವರ ಧರ್ಮ ಬದಲಾಯಿತು. ತಂದೆಗೆ ಕೊಟ್ಟ ಮಾತು ಬದಲಾಯಿತೆಂದು ಅವರಿಗೆ ಎಂದೂ ಅನ್ನಿಸಲಿಲ್ಲ.

ಉಳಿದ ನಾಲ್ವರು ರಾಯಚೂರಿಗೆ ಬಂದರು. ಅಲ್ಲಿ ಲಕ್ಷ್ಮೀಬಾಯಿ ಜ್ವರದಿಂದ ಹಾಸಿಗೆ ಹಿಡಿದರು. ತಾಯಿಗಾಗಿ ಪಕ್ಕದ ಮನೆಯಲ್ಲಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ಹೋದ ರಮಾಬಾಯಿಗೆ ನಾಚಿಕೆಯಿಂದ ಗಂಟಲು ಕಟ್ಟಿತು. ರೊಟ್ಟಿ ಸಿಕ್ಕಿತು, ತಾಯಿಗೆ ಅದನ್ನು ತಿನ್ನುವ ಶಕ್ತಿಯಿರಲಿಲ್ಲ. ಶವ ಹೊರಲು ಜನ ಮುಂದೆ ಬರಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟರು, ಮೂರನೆಯವನು ಮಗ, ನಾಲ್ಕನೆಯ ಹೆಗಲು ಮಗಳದು. ಆಕೆ ಎತ್ತರದಲ್ಲಿ ಚಿಕ್ಕವಳಾದುದರಿಂದ ಚಟ್ಟದ ತನ್ನ ಪಾಲನ್ನು ತಲೆಯ ಮೇಲೆ ಹೊರಬೇಕಾಯಿತು. ಕೆಲವು ತಿಂಗಳಲ್ಲಿ ಕೃಷ್ಣಾಬಾಯಿಯೂ ಕಾಲರಾಕ್ಕೆ ತುತ್ತಾದರು.

ಅಣ್ಣ ತಂಗಿ ಇಬ್ಬರೇ ಉತ್ತರಕ್ಕೆ ನಡೆದರು. ಕಾಶ್ಮೀರದ ತನಕ ಹೋಗಿ ಪೂರ್ವಕ್ಕೆ ತಿರುಗಿದ ಅವರ ಕಾಲುದಾರಿ ಸುಮಾರು 4,000 ಮೈಲಿಯೆಂದು ಹೇಳುತ್ತಾರೆ. ಝೀಲಮ್ ನದಿಯ ದಂಡೆಯ ಚಳಿಯಲ್ಲಿ ಹೊದಿಕೆಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ ಕುತ್ತಿಗೆಯವರೆಗೆ ಒಣ ಮರಳನ್ನು ಮುಚ್ಚಿಕೊಂಡು ರಾತ್ರಿ ಕಳೆದದ್ದೂ ಉಂಟು. ಇಷ್ಟು ವ್ರತ ತಪಸ್ಸುಗಳ ಬಳಿಕವೂ ದೇವತೆಗಳು ಮೌನವಾಗಿದ್ದಾರೆಂಬ ಸಂಶಯ ಈ ದಾರಿಯಲ್ಲಿಯೇ ಇಬ್ಬರಲ್ಲೂ ಮೊಳೆಯಿತು.

ಕಲ್ಕತ್ತ ಮತ್ತು ಬಂಗಾಳದ ವರ್ಷಗಳು

1878ರಲ್ಲಿ ಅವರು ಕಲ್ಕತ್ತ ತಲುಪಿದರು. ಇಪ್ಪತ್ತು ವರ್ಷದ ಅವಿವಾಹಿತ ಬ್ರಾಹ್ಮಣ ಕನ್ಯೆ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕಂಡು ಪಂಡಿತರು ಬೆರಗಾದರು. ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ವೇದಗಳನ್ನು ಓದುವಂತೆ ಸೂಚಿಸಿದರು. ಧರ್ಮಶಾಸ್ತ್ರಗಳನ್ನೂ ವೇದಗಳನ್ನೂ ಓದಿದಂತೆ, ಸ್ತ್ರೀಯರ ಮತ್ತು ಶೂದ್ರರ ಮುಕ್ತಿಯ ಬಗ್ಗೆ ಅಲ್ಲಿರುವ ಮಾತುಗಳು ಅವರನ್ನು ಬಹಳವಾಗಿ ನೋಯಿಸಿದವು.

1880ರ ಮೇ ತಿಂಗಳಲ್ಲಿ ಶ್ರೀನಿವಾಸ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳಿ ಕಾಯಸ್ಥ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ಜಾತಿ ಬೇರೆ, ಭಾಷೆ ಬೇರೆ. ಎರಡೂ ಕಡೆಯವರು ದೂರವಾದರು. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಹೋದರು. ಆ ಮನೆಯಲ್ಲಿದ್ದಾಗ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯ ಪುಟ್ಟ ಪುಸ್ತಕವೊಂದು ಅವರ ಕೈಗೆ ಬಂದಿತ್ತು. ಬ್ಯಾಪ್ಟಿಸ್ಟ್ ಮಿಷನರಿ ಐಸಾಕ್ ಆಲೆನ್ ಬಂದು ಅದನ್ನು ವಿವರಿಸುತ್ತಿದ್ದರು. ಕ್ರೈಸ್ತಳಾಗುವ ಇಚ್ಛೆಯನ್ನು ಹೆಂಡತಿ ಹೇಳಿದಾಗ ಗಂಡನಿಗೆ ಅದು ಹಿಡಿಸಿರಲಿಲ್ಲ.

ಪುಣೆ, ಇಂಗ್ಲೆಂಡ್, ಅಮೆರಿಕ

ಇಪ್ಪತ್ನಾಲ್ಕರ ವಿಧವೆ ಕೈಗೂಸಿನೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ವೈದ್ಯೆಯರು ಬೇಕು ಎಂದು ಒತ್ತಿ ಹೇಳಿದರು. ತಾವೇ ವೈದ್ಯೆಯಾಗಬೇಕೆಂದು ಪುಸ್ತಕದ ಹಣದಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಈಡೇರಲಿಲ್ಲ.

ವಾಂಟೇಜ್‌ನಲ್ಲಿ ಆಂಗ್ಲಿಕನ್ ಧರ್ಮಭಗಿನಿಯರ ಆಶ್ರಯದಲ್ಲಿದ್ದ ಅವರನ್ನು ಒಮ್ಮೆ ಲಂಡನ್ನಿನ ಫುಲ್ಹಮ್‌ನಲ್ಲಿದ್ದ ಆಶ್ರಮಕ್ಕೆ ಕರೆದೊಯ್ದರು. ಸಮಾಜ ಕೆಟ್ಟವರೆಂದು ಹೊರಗಿಟ್ಟ ಸ್ತ್ರೀಯರನ್ನು ಅಲ್ಲಿನ ಭಗಿನಿಯರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇಂಥ ಕರುಣೆ ಎಲ್ಲಿಂದ ಬಂತೆಂದು ಕೇಳಿದಾಗ, ಬಾವಿಯ ಬಳಿ ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಪ್ರಸಂಗವನ್ನು ಓದಿ ತೋರಿಸಿದರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಭಾರತದಲ್ಲಿ ಕೋಲಾಹಲವೆದ್ದಿತು. ಜೋತಿರಾವ್ ಫುಲೆಯವರು ಮಾತ್ರ ಅವರ ಪರವಾಗಿ ಬರೆದರು.

ಅವರ ಕ್ರೈಸ್ತ ನಂಬಿಕೆ ಹೇಳಿದ್ದಕ್ಕೆ ತಲೆಯಾಡಿಸುವ ನಂಬಿಕೆಯಾಗಿರಲಿಲ್ಲ. ಗುರುಮಾತೆ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ಸಿದ್ಧಾಂತಗಳ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ಉದ್ದುದ್ದ ಪತ್ರಗಳಲ್ಲಿ ವಾದಿಸಿದರು. ಲ್ಯಾಟಿನ್ ಅಕ್ಷರಗಳಿದ್ದ ಶಿಲುಬೆ ಧರಿಸಲು ಒಪ್ಪಲಿಲ್ಲ; ಸೀರೆಯನ್ನೂ ಶಾಕಾಹಾರವನ್ನೂ ಬಿಡಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಓದಿದರು. ಆನಂದಿಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭಕ್ಕಾಗಿ 1886ರಲ್ಲಿ ಫಿಲಡೆಲ್ಫಿಯಕ್ಕೆ ಹೋದವರು ಎರಡು ವರ್ಷಕ್ಕೂ ಮಿಕ್ಕಿ ಅಮೆರಿಕದಲ್ಲಿ ಉಳಿದರು. ಶಿಶುವಿಹಾರ ಶಿಕ್ಷಣಕ್ರಮವನ್ನು ಕಲಿತರು, ಮೇಲ್ಜಾತಿಯ ಹಿಂದೂ ಸ್ತ್ರೀಯ ಬದುಕನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದೇ ವರ್ಷದ ಕೊನೆಗೆ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವುದು ಅದರ ಒಡಂಬಡಿಕೆ.

ಶಾರದಾ ಸದನ

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾಗಿ ಆನಂದಿಬಾಯಿ ಕರ್ವೆಯೆಂದು ಹೆಸರಾದವರು ಇವರೇ. ಶಾಲೆ ಮತಬೋಧನೆಯಿಂದ ದೂರವಿರಬೇಕೆಂಬ ಕರಾರಿತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಮಗಳೊಡನೆ ಪ್ರಾರ್ಥನೆ ಮಾಡುವಾಗ ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಟಿಳಕರ ಕೇಸರಿ ಪತ್ರಿಕೆ ಇದನ್ನು ಕಟುವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದ ಸಲಹಾ ಸಮಿತಿಯ ಸದಸ್ಯರು ಹೊರನಡೆದರು. ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಕರಾರಿನ ಅಕ್ಷರವನ್ನು ಅವರು ಮೀರಿರದಿರಬಹುದು. ಆದರೆ ಪ್ರೀತಿಯ ಗುರುವೊಬ್ಬರ ತೆರೆದ ಬಾಗಿಲು ಎಳೆಯ ಮನಸ್ಸುಗಳಿಗೆ ಒಂದು ಆಹ್ವಾನವೇ ಎಂಬ ಪೋಷಕರ ಆತಂಕ ನಿರಾಧಾರವಾಗಿರಲಿಲ್ಲ. ಈ ವಿವಾದದಲ್ಲಿ ಎರಡೂ ಕಡೆಯ ಮಾತನ್ನು ಓದುಗರು ತೂಗಿ ನೋಡಬೇಕು.

ಇದೇ ವರ್ಷಗಳಲ್ಲಿ ಅವರ ಒಳಬಾಳಿನಲ್ಲಿ ಮತ್ತೊಂದು ತಿರುವು ಬಂತು. ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದೇನೆ, ಕ್ರಿಸ್ತನನ್ನು ಇನ್ನೂ ಪಡೆದಿಲ್ಲ ಎಂಬ ಕೊರತೆ ಎಂಟು ವರ್ಷ ಅವರನ್ನು ಕಾಡಿತ್ತು. ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಓದಿದ ಮೇಲೆ, 1891ರ ಸುಮಾರಿಗೆ, ದೇವರ ಕ್ಷಮೆ ಸಾಧನೆಯಿಂದ ಗಳಿಸುವಂಥದ್ದಲ್ಲ, ಬರಿಗೈಯಲ್ಲಿ ಪಡೆಯುವಂಥದ್ದು ಎಂಬ ಅರಿವು ಅವರಿಗಾಯಿತು. ಪುಣ್ಯ ಸಂಪಾದನೆಗಾಗಿ ಇದ್ದುದೆಲ್ಲವನ್ನೂ ತೆತ್ತು ಹಸಿವಿನಿಂದ ಸತ್ತ ತಂದೆತಾಯಿಗಳ ಮಗಳಿಗೆ ಇದು ಎಷ್ಟು ದೊಡ್ಡ ಬಿಡುಗಡೆಯಾಗಿ ತೋರಿರಬೇಕೆಂಬುದನ್ನು ಊಹಿಸಬಹುದು. ಅಲ್ಲಿಂದ ಮುಂದಿನ ಅವರ ಬರಹಗಳಲ್ಲಿ ಸಂತೋಷವೆಂಬ ಪದ ಮತ್ತೆ ಮತ್ತೆ ಬರುತ್ತದೆ.

ಕೇಡಗಾಂವ ಮತ್ತು ಮುಕ್ತಿ ಸದನ

ಬಾಸ್ಟನ್ನಿನ ಒಡಂಬಡಿಕೆಯ ಹತ್ತು ವರ್ಷ ಮುಗಿಯುತ್ತ ಬಂದಿತ್ತು. ಹಣ್ಣಿನ ತೋಟವೊಂದಿದ್ದರೆ ಶಾಲೆ ಸ್ವಂತ ಕಾಲಮೇಲೆ ನಿಲ್ಲಬಹುದೆಂದು ರಮಾಬಾಯಿ ಪುಣೆಯಿಂದ ಸುಮಾರು 34 ಮೈಲಿ ದೂರದ ಕೇಡಗಾಂವ ರೈಲು ನಿಲ್ದಾಣದ ಬಳಿ ಸುಮಾರು ನೂರು ಎಕರೆ ಬರಡು ಭೂಮಿ ಕೊಂಡರು. ಬಾವಿ ತೋಡಿಸಿದರು, ಗಿಡ ನೆಡಿಸಿದರು. ಇಂಗ್ಲೆಂಡಿನ ಜಾರ್ಜ್ ಮುಲ್ಲರ್ ಯಾರ ಬಳಿಯೂ ಕೈಚಾಚದೆ ಪ್ರಾರ್ಥನೆಯೊಂದನ್ನೇ ನೆಚ್ಚಿ ಅನಾಥಾಲಯ ನಡೆಸಿದ ಕಥೆಯನ್ನೂ, ಚೀನದಲ್ಲಿ ಹಡ್ಸನ್ ಟೇಲರ್ ಮಾಡಿದ ಕೆಲಸವನ್ನೂ ಓದಿ, ಭಾರತದಲ್ಲಿಯೂ ಹೀಗೇಕೆ ಆಗಬಾರದೆಂದು ಯೋಚಿಸುತ್ತಿದ್ದರು. 1896ರಲ್ಲಿ ಲೋಣಾವಳದ ಪ್ರಾರ್ಥನಾ ಶಿಬಿರದಲ್ಲಿ, ತಮ್ಮೊಡನಿದ್ದ ಹದಿನೈದು ಹುಡುಗಿಯರ ಸಂಖ್ಯೆ ಹದಿನೈದು ಪಟ್ಟಾಗಲಿ, ಅಂದರೆ 225 ಆಗಲಿ ಎಂದು ಬೇಡಿದರು. ಅಷ್ಟು ಮಂದಿಯನ್ನು ಸಾಕಲು ಜಾಗವೂ ಇರಲಿಲ್ಲ, ಹಣವೂ ಇರಲಿಲ್ಲ.

ಆ ವರ್ಷದ ಕೊನೆಗೆ ಮಧ್ಯಪ್ರಾಂತದಲ್ಲಿ ಬರ ಬಿದ್ದಿತು. ಇಪ್ಪತ್ತು ವರ್ಷದ ಹಿಂದಿನ ನೆನಪು ಅವರನ್ನು ಸುಮ್ಮನಿರಗೊಡಲಿಲ್ಲ. ತಾವೇ ಅಲ್ಲಿಗೆ ಹೋದರು. ಪರಿಹಾರ ಶಿಬಿರಗಳಲ್ಲಿ ಎಲುಬುಗೂಡಾದ ಮಕ್ಕಳನ್ನು ಕಂಡರು; ಹಸಿದ ಎಳೆಯ ಹೆಣ್ಣುಗಳನ್ನು ಕೆಟ್ಟ ದಂಧೆಗೆ ಸಾಗಿಸುವ ದಲ್ಲಾಳಿಗಳನ್ನೂ ಕಂಡರು. ಸುಮಾರು ಮುನ್ನೂರು ಹುಡುಗಿಯರು ಅವರೊಡನೆ ಬಂದರು. ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗು. ಊರೊಳಗೆ ಹೊಸಬರನ್ನು ಇಡುವಂತಿಲ್ಲವೆಂದು ಅಧಿಕಾರಿಗಳು ತಡೆದರು. ಕೇಡಗಾಂವದ ಬಯಲೊಂದೇ ಉಳಿದ ದಾರಿ. ಡೇರೆ, ಹುಲ್ಲಿನ ಚಪ್ಪರಗಳಲ್ಲಿ ವಸತಿ ಆರಂಭವಾಯಿತು. ಪ್ಲೇಗು ಆಸ್ಪತ್ರೆಗಳಲ್ಲಿ ಸ್ತ್ರೀಯರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಟೀಕಿಸಿದಾಗ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅದನ್ನು ಅಲ್ಲಗಳೆದರು. ಕ್ರೈಸ್ತರಾದವರು ಸರಕಾರದ ಪಕ್ಷವಹಿಸುವರೆಂಬ ಮಾತು ರಮಾಬಾಯಿಯವರ ವಿಷಯದಲ್ಲಿ ನಿಲ್ಲುವುದಿಲ್ಲ.

1899–1900ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ಮತ್ತೆ ಬರ. ಈ ಬಾರಿ ತರಬೇತಾದ ಹಿರಿಯ ಹುಡುಗಿಯರೇ ಹೊರಟು ಹಸಿದವರನ್ನು ಕರೆತಂದರು. 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 1,500 ಮಂದಿ, ನೂರಕ್ಕೂ ಮಿಕ್ಕಿ ದನಕರುಗಳು ಇದ್ದವು. ಬಂದವರಲ್ಲಿ ಬಹಳಷ್ಟು ಮಂದಿ ರೋಗಿಗಳು. ಹಲವರು ಬಂದ ಕೆಲವೇ ದಿನಗಳಲ್ಲಿ ಸತ್ತರು. ಇಂಥ ಸಂಸಾರಕ್ಕೆ ನಿಶ್ಚಿತ ಆದಾಯವಿರಲಿಲ್ಲ. ಅಮೆರಿಕದ ಸಂಘದ ನೆರವು ಮುಖ್ಯವಾಗಿ ಶಾರದಾ ಸದನಕ್ಕೆ. ಬರದಿಂದ ಬಂದವರ ಅನ್ನ ಬಟ್ಟೆಗಳು ದೇಶ ವಿದೇಶಗಳಿಂದ ಅಂಚೆಯಲ್ಲಿ ಬರುತ್ತಿದ್ದ ಕಾಣಿಕೆಗಳನ್ನೇ ನೆಚ್ಚಿದ್ದವು. ಕೆಲವು ದಿನ ಚೀಲ ಬರಿದಾಗುತ್ತಿತ್ತು. ಅಂದು ಎಲ್ಲರೂ ಸೇರಿ ಪ್ರಾರ್ಥಿಸುವರು, ಇದ್ದುದನ್ನು ಹಂಚಿ ತಿನ್ನುವರು, ಕೆಲಸ ನಿಲ್ಲಿಸರು. ಬರದ ಬೇಸಿಗೆಯಲ್ಲಿ ಬಾವಿಗಳ ನೀರು ಸಂಜೆಗೆ ಪೂರ್ತಿ ಬತ್ತಿ, ಬೆಳಗಾಗುವಾಗ ಅಂದಿನ ಮಟ್ಟಿಗೆ ಸಾಕಾಗುವಷ್ಟು ಒರತೆ ಬರುತ್ತಿತ್ತೆಂದು ಮುಕ್ತಿಯ ಸಮಕಾಲೀನ ಬರಹಗಳು ದಾಖಲಿಸಿವೆ. ರಮಾಬಾಯಿಯವರಿಗೆ ಅದು ದೇವರ ಕೈ. ಭೂಗರ್ಭಶಾಸ್ತ್ರ ತಿಳಿದವರು ಬೇರೆ ಕಾರಣ ಹೇಳಬಹುದು. ನೀರು ಬಂದದ್ದಂತೂ ನಿಜ, ಮಕ್ಕಳು ಕುಡಿದದ್ದೂ ನಿಜ.

ಅವರ ಭರವಸೆ ಕೈಕಟ್ಟಿ ಕುಳಿತ ಭರವಸೆಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ತಂದೆಯ ಕಾಲದ ದೈವನಂಬಿಕೆ ದೈಹಿಕ ದುಡಿಮೆಯನ್ನು ಕೀಳೆಂದು ಬಗೆದಿತ್ತು, ಅದಕ್ಕೆ ಕುಟುಂಬವೇ ಬೆಲೆ ತೆತ್ತಿತು. ಮುಕ್ತಿಯಲ್ಲಿ ಪ್ರತಿಯೊಬ್ಬಳಿಗೂ ಒಂದು ಕೈಕಸುಬು: ಮಗ್ಗ, ಹೊಲಿಗೆ, ಹೈನು, ಎಣ್ಣೆಗಾಣ, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಬೇಸಾಯ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವುದರಿಂದ ಹಿಡಿದು ರಟ್ಟು ಕಟ್ಟುವವರೆಗೆ ಎಲ್ಲವನ್ನೂ ಹೆಣ್ಣುಮಕ್ಕಳೇ ಮಾಡಿದರು. ಮೋಸಹೋದ ಸ್ತ್ರೀಯರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಹುಡುಗರಿಗೆ ಸದಾನಂದ ಸದನ ಎದ್ದವು. ಕುರುಡರಿಗಾಗಿ ಬೈಬಲಿನ ಕುರುಡ ಬಾರ್ತಿಮಾಯನ ಹೆಸರಿನ ಬಾರ್ತಿಮಿ ಸದನವಿತ್ತು. ಅಲ್ಲಿ ಬ್ರೈಲ್ ಲಿಪಿ ಕಲಿಸಿದರು. ಮಿನ್ನಿ ಏಬ್ರಾಮ್ಸ್ ಎಂಬ ಅಮೆರಿಕನ್ ಮಿಷನರಿ 1898ರಿಂದ ನೆರವಾದರು. 1905ರಲ್ಲಿ ಮುಕ್ತಿಯಲ್ಲಿ ಪ್ರಾರ್ಥನೆಯ ದೊಡ್ಡ ಉಜ್ಜೀವನವೊಂದು ನಡೆಯಿತು. ಹುಡುಗಿಯರು ಗಂಟೆಗಟ್ಟಲೆ ಅಳುತ್ತ, ಹಾಡುತ್ತ, ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ ರೀತಿ ಕೆಲವು ಮಿಷನರಿಗಳಿಗೇ ರುಚಿಸಲಿಲ್ಲ. ಭಾರತೀಯರು ತಮ್ಮ ರೀತಿಯಲ್ಲಿ ದೇವರನ್ನು ಸ್ತುತಿಸಲಿ ಎಂಬುದು ರಮಾಬಾಯಿಯವರ ನಿಲುವು.

1907ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಆತ್ಮಕಥನ ಚಿಕ್ಕ ಪುಸ್ತಕ. ಅಕ್ಷಯ ನಿಧಿಯ ಸಾಕ್ಷ್ಯ ಎಂಬುದು ಅದರ ಹೆಸರಿನ ಅರ್ಥ. ಬಾಲ್ಯ, ಬರ, ಸಂಶಯ, ಬದಲಾವಣೆ ಎಲ್ಲವನ್ನೂ ಅಲಂಕಾರವಿಲ್ಲದೆ ಹೇಳುತ್ತ, ತಮ್ಮ ಸಂಪತ್ತು ಎಂಥದೆಂದು ಅದರಲ್ಲಿ ಎಣಿಸಿಕೊಂಡಿದ್ದಾರೆ. ಅವರ ಜೀವನವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಮೊದಲು ಓದಬೇಕಾದ ಪುಸ್ತಕವಿದು.

ಬೈಬಲ್ ಅನುವಾದ

ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯ ಹುಡುಗಿಯರಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದ ಮಹಾಪಂಡಿತೆಯೇ ಆ ಸಂಸ್ಕೃತವನ್ನು ಕಳಚಿ ಆಡುಮಾತಿಗೆ ಹತ್ತಿರವಾದ ಮರಾಠಿಯಲ್ಲಿ ಬೈಬಲನ್ನು ಹೊಸದಾಗಿ ಬರೆಯಲು ತೊಡಗಿದರು. ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ತಮ್ಮ ಹುಡುಗಿಯರಿಗಾಗಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೂ ಬರೆದರು. ಒಂದೂವರೆ ದಶಕಕ್ಕೂ ಮೀರಿ ಈ ಕೆಲಸ ನಡೆಯಿತು. ಶೈಲಿಯ ಸೊಗಸು ಸಾಲದೆಂಬ ಆಕ್ಷೇಪಣೆ ಬಂದದ್ದುಂಟು. ಆದರೆ ಒಬ್ಬಳೇ ಸ್ತ್ರೀ ಇಡೀ ಬೈಬಲನ್ನು ಮೂಲದಿಂದ ಅನುವಾದಿಸಿದ ನಿದರ್ಶನಗಳು ಜಗತ್ತಿನಲ್ಲಿಯೇ ವಿರಳ.

ಗುಲ್ಬರ್ಗಾ ಮತ್ತು ಕೊನೆಯ ವರ್ಷಗಳು

ಮಗಳು ಮನೋರಮಾ ಪದವೀಧರೆಯಾಗಿ ಶಾರದಾ ಸದನದ ಮುಖ್ಯಸ್ಥೆಯಾದರು. ಆಗ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗಾದಲ್ಲಿ (ಇಂದಿನ ಕಲಬುರಗಿ) 1910ರ ದಶಕದ ಆರಂಭದಲ್ಲಿ ಅವರ ಶ್ರಮದಿಂದ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಲಕ್ಷ್ಮೀಬಾಯಿ ಹಸಿವಿನಿಂದ ಸತ್ತ ರಾಯಚೂರು ಅಲ್ಲಿಂದ ಬಹಳ ದೂರವಿಲ್ಲ. ಅಜ್ಜಿಯನ್ನು ಸುಟ್ಟ ಸೀಮೆಯಲ್ಲಿ ಮೊಮ್ಮಗಳು ಶಾಲೆ ತೆರೆದಳು.

1919ರಲ್ಲಿ ಸರಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. ಕಿವಿ ಬಹುತೇಕ ಕೇಳಿಸುತ್ತಿರಲಿಲ್ಲ. ತಮ್ಮ ನಂತರ ಮುಕ್ತಿಯ ಹೊಣೆ ಹೊರುವವಳೆಂದು ನೆಚ್ಚಿದ್ದ ಮಗಳು 1921ರ ಜುಲೈ 24ರಂದು ತೀರಿಕೊಂಡಳು. ಮನೆಯವರೆಂದು ಉಳಿದವರು ಒಬ್ಬರೂ ಇರಲಿಲ್ಲ. ಅರವತ್ತಮೂರರ ತಾಯಿ ಮತ್ತೆ ಕರಡಚ್ಚುಗಳ ಮುಂದೆ ಕುಳಿತರು. ಬೈಬಲಿನ ಕೊನೆಯ ಪುಟಗಳ ತಿದ್ದುಪಡಿ ಮುಗಿದ ಕೆಲವೇ ಸಮಯದಲ್ಲಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿದ್ರೆಯಲ್ಲಿಯೇ ಅವರು ಕಣ್ಮುಚ್ಚಿದರು.

ನೆನಪು

ಭಾರತೀಯ ಅಂಚೆ ಇಲಾಖೆ 1989ರ ಅಕ್ಟೋಬರ್ 26ರಂದು ಅವರ ಅಂಚೆಚೀಟಿ ಹೊರತಂದಿತು. ಶುಕ್ರಗ್ರಹದ ಕುಳಿಯೊಂದಕ್ಕೆ ಮೇಧಾವಿ ಎಂಬ ಅವರ ಹೆಸರಿದೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಏಪ್ರಿಲ್ 30ರಂದು ಅವರನ್ನು ಸ್ಮರಿಸುತ್ತದೆ. ಕೇಡಗಾಂವದ ಸಂಸ್ಥೆ ಪಂಡಿತಾ ರಮಾಬಾಯಿ ಮುಕ್ತಿ ಮಿಷನ್ ಎಂಬ ಹೆಸರಿನಲ್ಲಿ ಇಂದಿಗೂ ಅನಾಥ ಹೆಣ್ಣುಮಕ್ಕಳಿಗೆ ಆಶ್ರಯ ನೀಡುತ್ತಿದೆ.